ಸರ್ವರ್ ದೊಡ್ಡದು ಮಾಡೋ ಮುಂಚೆ ಒಂದ್ಸಲ ಎಣಿಸಿ ನೋಡಿ

ವೆಬ್‌ಸೈಟ್ ನಿಧಾನ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, "ದೊಡ್ಡ ಸರ್ವರ್ ತಗೊಳ್ಳಿ". ನಾನೂ ಹಾಗೇ ಹೇಳಿಕೊಂಡು ತಿರುಗಾಡುತ್ತಿದ್ದವನೇ. ಕೋಲಾರದ ಒಂದು ಟೊಮ್ಯಾಟೊ ಮಂಡಿಗೆ ನಾನೇ ಬರೆದುಕೊಟ್ಟ ಲೆಕ್ಕದ ಸಾಫ್ಟ್‌ವೇರ್ ಆ ಚಟ ಬಿಡಿಸಿತು.

2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತಲ್ಲ, ಆಗಿನ ಮಾತು. ಪಟ್ಟಿ, ಅಂದರೆ ಮಾರಿದ ಮಾಲಿನ ಲೆಕ್ಕದ ಚೀಟಿ, ಕೈಗೆ ಬರುವವರೆಗೂ ಯಾವ ರೈತನಿಗೂ ಸಮಾಧಾನ ಇಲ್ಲ. ಅಂಥ ಹೊತ್ತಲ್ಲಿ ನಮ್ಮ ವಾರದ ಪಟ್ಟಿ ತೆರೆಯಲು 14 ಸೆಕೆಂಡ್ ತಗೊಳ್ಳುತ್ತಿತ್ತು. ಮಂಡಿ ಮಾಲೀಕರು ಬೈಯಲಿಲ್ಲ, "ಏನಪ್ಪಾ, ಇದಕ್ಕಿಂತ ನಮ್ಮ ಗುಮಾಸ್ತ ಕೈಯಲ್ಲಿ ಬರೆಯೋದೇ ವಾಸಿ ಅಲ್ವಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ರಾತ್ರಿಯೇ 4 ಜಿಬಿ ರ‍್ಯಾಮ್ ಇದ್ದದ್ದನ್ನು 8 ಮಾಡಿಸಿದೆ. 14 ಸೆಕೆಂಡ್ 13 ಆಯಿತು. ಬಾಡಿಗೆ ಮಾತ್ರ ಡಬಲ್.

ಆಮೇಲೆ ಲೆಕ್ಕವೆಲ್ಲ ಇರುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಸ್ಲೋ ಕ್ವೆರಿ ಲಾಗ್ ಆನ್ ಮಾಡಿದೆ, ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳಲ್ಲಿ (ಕ್ವೆರಿ) ನಿಧಾನವಾದದ್ದನ್ನು ಬರೆದಿಡುವ ಕಡತ ಅದು. ಖಾಲಿ! ಅದು ಸುಮ್ನೆ ಬಿಟ್ಟರೆ 10 ಸೆಕೆಂಡ್ ಮೀರಿದ ಕ್ವೆರಿಯನ್ನಷ್ಟೇ ಬರೆದಿಡುತ್ತದೆ. 1 ಸೆಕೆಂಡಿಗೆ ಇಳಿಸಿದೆ. ಒಂದೇ ಸಾಲು ಬಂತು, ಎರಡು ಸೆಕೆಂಡಿನ ಒಂದು ಕ್ವೆರಿ. ಮಿಕ್ಕ 11 ಸೆಕೆಂಡ್ ಎಲ್ಲಿ ಹೋಯಿತು? ತಲೆಕೆಟ್ಟು ಎಲ್ಲ ಕ್ವೆರಿಯನ್ನೂ ಬರೆದಿಡು ಅಂತ ಬಿಟ್ಟು, ಪೇಜ್ ಒಂದೇ ಸಲ ತೆರೆದು ಎಣಿಸಿದೆ.

3,601.

ವಾರದಲ್ಲಿ 1,200 ಲಾಟ್. ಒಂದೊಂದು ಲಾಟಿಗೂ ರೈತನ ಹೆಸರಿಗೆ ಒಂದು ಕ್ವೆರಿ, ಊರಿಗೆ ಒಂದು, ತೂಕಕ್ಕೆ ಒಂದು. ಒಂದೊಂದೂ ಬರೀ 3 ಮಿಲಿಸೆಕೆಂಡ್, ಅದಕ್ಕೇ ಯಾವುದೂ ಸಿಕ್ಕಿಬೀಳಲಿಲ್ಲ. ಲಾರಿಯಿಂದ ಒಂದೊಂದೇ ಟೊಮ್ಯಾಟೊ ಹಣ್ಣು ಹಿಡಿದುಕೊಂಡು ಬಂದು ಇಡುವ ಹಮಾಲಿಯನ್ನು ಯಾರಾದರೂ ಇಟ್ಟುಕೊಳ್ತಾರಾ? ಓಆರ್‌ಎಂ (ಕ್ವೆರಿಗಳನ್ನು ನಮ್ಮ ಪರವಾಗಿ ತಾನೇ ಬರೆಯುವ ಸಾಧನ) ಹಾಕಿಕೊಂಡ ನಾವೆಲ್ಲ ಮಾಡುವುದು ಅದನ್ನೇ, ಪ್ರತಿ ಲಾಟಿಗೂ ತಿರುಗುವ ಲೂಪ್ ಒಳಗೆ ಕೋಡ್‌ನಲ್ಲಿ ಒಂದು ಚುಕ್ಕಿ ಇಟ್ಟು ರೈತನ ಹೆಸರು ಕೇಳುತ್ತೇವೆ, ಅದು ಸದ್ದಿಲ್ಲದೆ ಡೇಟಾಬೇಸ್‌ಗೆ ಓಡಿ ಬರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಟೇಬಲ್‌ಗಳನ್ನು ಜೋಡಿಸುವ ಜಾಯಿನ್ ಹಾಕಿ ಎಲ್ಲವನ್ನೂ ಒಂದೇ ಕ್ವೆರಿಯಲ್ಲಿ ತರಿಸಿದೆ.

ಆ ಎರಡು ಸೆಕೆಂಡ್ ಉಳಿದಿತ್ತಲ್ಲ, ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಇಡೀ ಟೇಬಲ್ ಓದುತ್ತಿದೆ. ತಾರೀಖಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇತ್ತು, ಆದರೆ ನಾನು ಆ ಕಾಲಂ ಸುತ್ತ ಡೇಟ್ ಫಂಕ್ಷನ್ ಸುತ್ತಿಬಿಟ್ಟಿದ್ದೆ. ಹಾಗೆ ಸುತ್ತಿದರೆ ಮಾಮೂಲಿ ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ. ಸೋಮವಾರದಿಂದ ಮುಂದಿನ ಸೋಮವಾರದ ಒಳಗೆ ಅಂತ ನೇರವಾಗಿ ಬರೆದೆ, ಅಷ್ಟೇ. ಪೇಜ್ ಅರ್ಧ ಸೆಕೆಂಡಿಗೆ ಬಂತು.

ಇದರ ನಡುವೆ ಇನ್ನೂ ಎರಡು ಪೆದ್ದು ಕೆಲಸ ಮಾಡಿದ್ದೆ. ಮೈಎಸ್‌ಕ್ಯೂಎಲ್ ಮಾಮೂಲಾಗಿ ಒಟ್ಟಿಗೆ 151 ಕನೆಕ್ಷನ್ ಬಿಡುತ್ತದೆ, ನಾನು 500 ಮಾಡಿದೆ. ಸರ್ವರ್‌ಗೆ ಇರುವುದು ಎರಡೇ ಪ್ರೊಸೆಸರ್ ಕೋರ್, ಅದರ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗಿ ಎಲ್ಲರದೂ ನಿಧಾನ ಆಯಿತು. ಇನ್ನೊಂದು, ರೇಟನ್ನು ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್‌ನಲ್ಲಿ ಹತ್ತು ನಿಮಿಷಕ್ಕೆ ಕ್ಯಾಶ್ ಮಾಡಿಟ್ಟೆ, ಅಂದರೆ ಅಷ್ಟು ಹೊತ್ತು ಇಟ್ಟ ಉತ್ತರವನ್ನೇ ಕೊಡುತ್ತಿರುತ್ತದೆ. ನಿನ್ನೆಯ ರೇಟ್ ಆದರೆ ಸರಿ, ಅದು ಬದಲಾಗಲ್ಲ. ನಡೆಯುತ್ತಿರುವ ಹರಾಜಿನ ರೇಟನ್ನು ಯಾರಾದರೂ ಹತ್ತು ನಿಮಿಷ ಹಳೆಯದು ತೋರಿಸ್ತಾರಾ? ಆ ಬೆಳಗ್ಗೆ ನಡೆದ ಜಗಳಕ್ಕೆ ನಾನೇ ಕಾರಣ ಅಂತ ಅಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಈಗ ಇಲ್ಲಿ ಬರೆದಾಯಿತು.

ಸರ್ವರ್ ಮತ್ತೆ 4 ಜಿಬಿಗೆ ಇಳಿಸಿದ್ದೇನೆ. ಪಟ್ಟಿ ಬೇಗ ಬರುತ್ತಿದೆ, ಈಗ ಮಾಲೀಕರ ದೂರು ಪ್ರಿಂಟರ್ ಮೇಲೆ.