ಅರ್ಧ ನೋಡಿದ ಚಿತ್ರ, ಪೂರ್ತಿ ಕಟ್ಟಿದ ಚಂದಾ

ಅರ್ಧಕ್ಕೆ ಬಿಟ್ಟಿದ್ದ ಚಿತ್ರವೊಂದನ್ನು ಮುಗಿಸೋಣವೆಂದು ನಿನ್ನೆ ರಾತ್ರಿ ಕುಳಿತರೆ, ಅದು ನಾನು ಚಂದಾ ಕಟ್ಟುವ ಸ್ಟ್ರೀಮಿಂಗ್ ಆ್ಯಪ್‌ನ ಪಟ್ಟಿಯಲ್ಲೇ ಇರಲಿಲ್ಲ. ಹುಡುಕಿದಾಗ ಅದೇ ಆ್ಯಪ್‌ನಲ್ಲಿ ‘ಬಾಡಿಗೆಗೆ ಲಭ್ಯ’ ಎಂಬ ಸೂಚನೆಯ ಕೆಳಗೆ ಸಿಕ್ಕಿತು. ಮೂರು ವರ್ಷಗಳಿಂದ ಒಂದು ತಿಂಗಳೂ ತಪ್ಪದೆ ಚಂದಾ ಕಟ್ಟಿದ ನಾನು, ಮೊನ್ನೆಯವರೆಗೆ ಚಂದಾದೊಳಗೇ ಇದ್ದ ಚಿತ್ರದ ಉಳಿದರ್ಧಕ್ಕೆ ಬೇರೆ ಹಣ ಕೊಡಬೇಕಂತೆ! ಆಗ ಬಂದ ಸಿಟ್ಟು ಇದನ್ನು ಬರೆಯುವ ಹೊತ್ತಿಗೂ ಇಳಿದಿಲ್ಲ.

ಕಾರಣ ಗುಟ್ಟಿನದೇನಲ್ಲ. ಬೇರೆಯವರು ನಿರ್ಮಿಸಿದ ಚಿತ್ರಗಳನ್ನು ಈ ಸೇವೆಗಳು ಇಂತಿಷ್ಟು ಕಾಲದ ಪರವಾನಗಿಯ ಮೇಲೆ ತರುತ್ತವೆ. ಅವಧಿ ತೀರಿದರೆ ಚಿತ್ರವೂ ಹೊರಡುತ್ತದೆ. ಡಿಸ್ಕಿನ ಕಾಲದಲ್ಲಿ ಹೀಗಿರಲಿಲ್ಲ. ಕೊಂಡ ಡಿವಿಡಿಯನ್ನು ಬಾಡಿಗೆಗೆ ಕೊಡಲು ಅಮೆರಿಕದ ಕಾನೂನಿನಲ್ಲಿ ಹಕ್ಕುದಾರರ ಅನುಮತಿಯನ್ನು ಮತ್ತೆ ಕೇಳಬೇಕಾಗಿರಲಿಲ್ಲ. ಆದ್ದರಿಂದಲೇ 1998ರಲ್ಲಿ ಅಂಚೆಯ ಮೂಲಕ ಡಿವಿಡಿ ಕಳುಹಿಸತೊಡಗಿದ ನೆಟ್‌ಫ್ಲಿಕ್ಸ್‌ನ ಕಪಾಟಿಗೆ ಒಮ್ಮೆ ಬಂದ ಚಿತ್ರ ಪರವಾನಗಿ ಮುಗಿಯಿತೆಂದು ಕಾಣೆಯಾಗುತ್ತಿರಲಿಲ್ಲ. 2007ರಲ್ಲಿ ಸ್ಟ್ರೀಮಿಂಗ್ ಆರಂಭಿಸಿದ ಅದೇ ಸಂಸ್ಥೆ ತನ್ನ ಕೊನೆಯ ಡಿಸ್ಕನ್ನು 2023ರ ಸೆಪ್ಟೆಂಬರ್ 29ರಂದು ಕಳುಹಿಸಿತು. ಆ ಸುದ್ದಿಯನ್ನು ಅಂದು ಓದಿ ಸುಮ್ಮನಾದವನು ನಾನು. ಕಳೆದುಕೊಂಡದ್ದೇನೆಂದು ನಿನ್ನೆ ಅರ್ಥವಾಯಿತು.

ಮನೆಮಂದಿಯೆಲ್ಲ ದಿನವೂ ಏನಾದರೊಂದು ನೋಡುವ ಕಡೆ ಚಂದಾ ಅಗ್ಗವೇ ಆಗುತ್ತದೆ ಎನ್ನುವವರಿದ್ದಾರೆ. ಅವರ ಮಟ್ಟಿಗೆ ಸರಿ. ಆದರೆ ಹಾಗೆಂದುಕೊಂಡೇ ಚಂದಾ ಮುಂದುವರಿಸುವ ನಮ್ಮಲ್ಲಿ ಎಷ್ಟು ಜನ ನಿಜಕ್ಕೂ ದಿನವೂ ನೋಡುತ್ತೇವೆ? ನನ್ನ ವೀಕ್ಷಣೆಯ ದಾಖಲೆ ತೆರೆದೆ. ಕಳೆದ ಮೂರು ತಿಂಗಳಲ್ಲಿ ನಾನು ಪೂರ್ತಿ ನೋಡಿದ್ದು ನಾಲ್ಕು ಚಿತ್ರ. ‘ನಂತರ ನೋಡುವೆ’ ಎಂದು ಗುರುತು ಹಾಕಿಟ್ಟವು ಎಪ್ಪತ್ತಕ್ಕೂ ಹೆಚ್ಚು. ಆ ರಾಶಿಯನ್ನೇ ನನ್ನ ಆಸ್ತಿಯೆಂದು ಇಷ್ಟು ದಿನ ನಂಬಿದ್ದೆನೆಂದು ಹೇಳಿಕೊಳ್ಳಲು ನೋವಾಗುತ್ತದೆ. ಮೂರು ತಿಂಗಳ ಚಂದಾವನ್ನು ನಾಲ್ಕರಿಂದ ಭಾಗಿಸಿದಾಗ ಬಂದ ಮೊತ್ತ, ಒಂದು ಚಿತ್ರದ ಬಾಡಿಗೆಗಿಂತ ಹೆಚ್ಚಿತ್ತು.

ಬಾಡಿಗೆಗೂ ಗಡುವುಂಟು. ಸಾಮಾನ್ಯವಾಗಿ 30 ದಿನಗಳೊಳಗೆ ಆರಂಭಿಸಬೇಕು, ಆರಂಭಿಸಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕು. ಆದರೆ ಅದನ್ನು ಹಣ ಪಡೆಯುವ ಮೊದಲೇ ಹೇಳಿರುತ್ತಾರೆ; ನಾನು ಒಪ್ಪಿದ ಅವಧಿ ಮುಗಿಯುವವರೆಗೆ ಚಿತ್ರ ನನ್ನ ಮುಂದಿರುತ್ತದೆ. ಚಂದಾದಲ್ಲಿ ನನಗೆ ಸಿಗದೇ ಹೋದದ್ದು ಈ ಮಾತಿನ ಖಾತರಿಯೇ.

ಇಂದು ಬೆಳಿಗ್ಗೆ ಚಂದಾದ ತಾನಾಗಿ ನವೀಕರಣಗೊಳ್ಳುವ ವ್ಯವಸ್ಥೆಯನ್ನು ನಿಲ್ಲಿಸಿದೆ. ಆ ಚಿತ್ರವನ್ನು ಈ ಭಾನುವಾರ ಬೇರೊಂದು ಕಡೆ ಬಾಡಿಗೆಗೆ ಪಡೆದು, ಮೊದಲಿನಿಂದಲೇ ನೋಡುತ್ತೇನೆ.