ಸಿಂಗಲ್ ಓನರ್, ಅಪ್ಪೆಮಿಡಿ ಸಮೇತ

ನಮ್ಮ ಆಲ್ಟೊ ಕಾರಿನ ಡಿಕ್ಕಿಯಲ್ಲಿ ಒಂದು ವಾಸನೆ ಇದೆ. ಇತ್ತು ಅನ್ನಬೇಕು, ಕಾರು ಈಗ ನಮ್ಮದಲ್ಲ. 2016ರ ಬೇಸಿಗೆಯಲ್ಲಿ ಸಾಗರದಿಂದ ಬೆಂಗಳೂರಿಗೆ ಹೊರಟಾಗ ಅತ್ತೆ ಐದು ಕಿಲೋ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಕ್ಕೆ ತುಂಬಿ ಕೊಟ್ಟಿದ್ದರು. ತಿಪಟೂರು ದಾಟಿದ ಮೇಲೆ ಒಂದು ಹಂಪ್ಸ್ ಬಂತು. ನಾನು ನೋಡಲಿಲ್ಲ. ಡಬ್ಬ ನೋಡಿತು. ಮನೆಗೆ ಬಂದು ಡಿಕ್ಕಿ ತೆಗೆದರೆ ಮಿಡಿಗಳೆಲ್ಲ ಸ್ಟೆಪ್ನಿಯ ಸುತ್ತ ಪಂಕ್ತಿಗೆ ಕೂತ ಹಾಗೆ ಕೂತಿದ್ದವು. ರಸ ಕೆಳಗಿಳಿದಿತ್ತು.

ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಸುರಿಯುವುದಿಲ್ಲ. ಉಪ್ಪುನೀರು, ಸಾಸಿವೆ, ಮೆಣಸಿನಪುಡಿ, ಅಷ್ಟೇ. ಎಣ್ಣೆಯಾಗಿದ್ದರೆ ಒರೆಸಿ ಕೈತೊಳೆದುಕೊಳ್ಳಬಹುದಿತ್ತು. ಉಪ್ಪುನೀರು ಹಾಗಲ್ಲ, ಕಬ್ಬಿಣ ಕಂಡರೆ ಅಲ್ಲೇ ಸಂಸಾರ ಹೂಡುತ್ತೆ. ನಾನು ಮ್ಯಾಟ್ ಒಗೆದು, ಎರಡು ದಿನ ಡಿಕ್ಕಿ ತೆಗೆದಿಟ್ಟು, ವಿಷಯ ಮರೆತೆ. ಕಾರು ಮರೆಯಲಿಲ್ಲ.

2024ರಲ್ಲಿ ಮಗಳು ಹೊಸ ಕಾರು ತಂದಳು. ಅಪಾರ್ಟ್‌ಮೆಂಟಿನಲ್ಲಿ ನಮಗಿರುವುದು ಒಂದೇ ಪಾರ್ಕಿಂಗ್. ಹಳೆಯದನ್ನು ಮಾರಬೇಕು. 2012ರ ಮಾಡೆಲ್, ಕೆಎ 05, ಸಿಂಗಲ್ ಓನರ್, ಅರವತ್ತೊಂದು ಸಾವಿರ ಕಿಲೋಮೀಟರ್. ಹದಿನೈದು ವರ್ಷದ ರಿಜಿಸ್ಟ್ರೇಷನ್ನಿನಲ್ಲಿ ಇನ್ನೂ ಮೂರು ವರ್ಷ ಬಾಕಿ. ಆಗಷ್ಟೇ ಹಾಕಿಸಿದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬೇರೆ ಇತ್ತು. ಇಡೀ ಕಾರಿನಲ್ಲಿ ಹೊಸದಾಗಿ ಕಾಣುತ್ತಿದ್ದದ್ದು ಅದೊಂದೇ.

“ಆನ್‌ಲೈನಲ್ಲಿ ಕೊಟ್ಬಿಡಪ್ಪ, ಒಂದೇ ದಿನದಲ್ಲಿ ಮುಗಿಯುತ್ತೆ” ಎಂದಳು ಮಗಳು. ನಂಬರ್ ಹಾಕಿದ ತಕ್ಷಣ ಪರದೆಯ ಮೇಲೆ ‘2,35,000 ರೂಪಾಯಿವರೆಗೆ’ ಅಂತ ಬಂತು. ಆ ಅಂಕಿ ಎಷ್ಟು ದೊಡ್ಡದಾಗಿತ್ತೆಂದರೆ ಕನ್ನಡಕ ಇಲ್ಲದೆ ಓದಿದೆ. ‘ವರೆಗೆ’ ಓದಲು ಕನ್ನಡಕ ಬೇಕಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಮಾಡುವ ಹುಡುಗ ಬಂದ. ಇಪ್ಪತ್ತಮೂರು ವರ್ಷ ಇರಬಹುದು, ತುಂಬಾ ವಿನಯ. ಹೆಂಡತಿ ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು. ಅವನು ಬಲಗೈಯಲ್ಲಿ ಚಕ್ಕುಲಿ ಮುರಿಯುತ್ತ ಎಡಗೈಯಲ್ಲಿ ನಮ್ಮ ಕಾರಿನ ಗೀರುಗಳ ಫೋಟೋ ತೆಗೆದ. ಬಣ್ಣದ ದಪ್ಪ ಅಳೆಯುವ ಒಂದು ಪುಟ್ಟ ಮಿಷನ್ ಇತ್ತು. ಅದನ್ನು ಬಾಗಿಲು, ಬಾನೆಟ್ಟು, ಫೆಂಡರ್ ಮೇಲೆಲ್ಲ ಡಾಕ್ಟರು ಸ್ಟೆಥೋಸ್ಕೋಪ್ ಇಟ್ಟ ಹಾಗೆ ಇಟ್ಟ.

“ಸರ್, ಎಡಗಡೆ ಹಿಂದಿನ ಡೋರು ರೀಪೇಂಟ್.”

ಅದು 2014ರಲ್ಲಿ ನಮ್ಮ ಹಳೇ ಮನೆಯ ಗೇಟಿಗೆ ಉಜ್ಜಿದ್ದು. ಬಣ್ಣ ಹೊಡೆಸಿದ ವಿಷಯ ಹೆಂಡತಿಗೆ ಹೇಳಿರಲಿಲ್ಲ. ಹತ್ತು ವರ್ಷದ ಗುಟ್ಟು ಆ ಮಿಷನ್ ಎರಡು ಸೆಕೆಂಡಿನಲ್ಲಿ ಬಿಚ್ಚಿತು. ಅವಳು ನನ್ನ ಕಡೆ ನೋಡಿದಳು. ನಾನು ಟೈರಿನ ಕಡೆ ನೋಡಿದೆ.

ಆಮೇಲೆ ಡಿಕ್ಕಿ. ಮ್ಯಾಟ್ ಎತ್ತಿದ. ಸ್ಟೆಪ್ನಿ ತೆಗೆದ. ಟಾರ್ಚ್ ಬಿಟ್ಟ. ಚಕ್ಕುಲಿ ಕೆಳಗಿಟ್ಟ.

“ಸರ್, ಇದು ಫ್ಲಡ್ ಗಾಡಿನಾ?”

“ಏನು?”

“ನೀರು ನುಗ್ಗಿತ್ತಾ ಸರ್? 2022ರಲ್ಲಿ ಬೆಳ್ಳಂದೂರು, ಯಮಲೂರು ಕಡೆ ಮುಳುಗಿತ್ತಲ್ಲ, ಆ ಗಾಡಿಗಳು ತುಂಬಾ ಬರ್ತವೆ. ತಳ ಹೀಗೇ ತುಕ್ಕು ಹಿಡಿದಿರುತ್ತೆ, ಒಂಥರಾ ಸ್ಮೆಲ್ಲೂ ಇರುತ್ತೆ.”

“ಇಲ್ಲಪ್ಪ, ನಾವಿರೋದು ಬನಶಂಕರಿ. ಅದು ಉಪ್ಪಿನಕಾಯಿ ನೀರು.”

ಅವನು ಟ್ಯಾಬ್ ನೋಡಿದ. ಮೇಲೆ ಕೆಳಗೆ ಬೆರಳಾಡಿಸಿದ. ನಿಜವಾಗಿಯೂ ಹುಡುಕಿದ, ಪಾಪ. “ಉಪ್ಪಿನಕಾಯಿ ಅಂತ ಆಪ್ಷನ್ ಇಲ್ಲ ಸರ್. ತುಕ್ಕು, ವಾಟರ್ ಡ್ಯಾಮೇಜ್ ಅಂತಷ್ಟೇ ಇರೋದು.”

ಟ್ಯಾಬಿನಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ. ನಮ್ಮ ಕಾರು ಕಾಣದ ಪ್ರವಾಹದಲ್ಲಿ ಮುಳುಗಿ ಎದ್ದಿತು. ಜೊತೆಗೆ ಬಾಕಿ ಇದ್ದ ಐದು ಟ್ರಾಫಿಕ್ ದಂಡಗಳನ್ನೂ ಅವನೇ ತೆಗೆದು ತೋರಿಸಿದ. 2023ರ ಫೆಬ್ರವರಿಯಲ್ಲಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಎಲ್ಲ ಕಟ್ಟಿಬಿಟ್ಟೆ ಅಂದುಕೊಂಡಿದ್ದೆ. ಕಟ್ಟಿದ್ದು ಹೆಂಡತಿಯ ಸ್ಕೂಟರಿನದಂತೆ.

ಸಂಜೆ ಅಂತಿಮ ಬೆಲೆ ಬಂತು: 1,48,000. ರಾತ್ರಿ ಹನ್ನೊಂದರವರೆಗೆ ಮಾತ್ರ. ಪರದೆಯ ಮೂಲೆಯಲ್ಲಿ ನಿಮಿಷ ಸೆಕೆಂಡು ಇಳಿಯುತ್ತಿದ್ದವು. ರಾಕೆಟ್ ಬಿಡುವ ಹಾಗೆ ನಾವು ಮೂವರೂ ಅದನ್ನು ನೋಡುತ್ತ ಕೂತೆವು. ಹನ್ನೊಂದಾಯಿತು. ಏನೂ ಆಗಲಿಲ್ಲ. ಮರುದಿನ ಒಂಬತ್ತಕ್ಕೆ ಫೋನು: “ಸರ್, ನಿಮಗೋಸ್ಕರ ಸೀನಿಯರ್ ಹತ್ರ ಮಾತಾಡಿದೀನಿ, ಮೂರು ಸಾವಿರ ಜಾಸ್ತಿ ಕೊಡ್ತಾರೆ.” ನಾಲ್ಕು ದಿನ, ನಾಲ್ಕು ದನಿ, ಅದೇ ಸೀನಿಯರ್.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಅವರು ಸುಳ್ಳು ಹೇಳಲಿಲ್ಲ. ಹಣ ಖಾತೆಗೆ ಹಾಕಿ ಗಾಡಿ ಒಯ್ಯುತ್ತೇವೆ, ಆರ್‌ಸಿ ವರ್ಗಾವಣೆಯ ತಲೆನೋವೂ ನಮ್ಮದೇ ಎಂದರು. ಆ ನೆಮ್ಮದಿಗೆ ಒಂದು ಬೆಲೆ ಇದೆ. ಆ ಬೆಲೆ ನಲವತ್ತು ಸಾವಿರ ಅಂತ ಆಗ ನನಗೆ ಗೊತ್ತಿರಲಿಲ್ಲ.

ಎದುರುಮನೆಯವರು ಒಬ್ಬ ಡೀಲರ್ ಹತ್ತಿರ ಕಳಿಸಿದರು. ಸಾಲಾಗಿ ನಿಂತ ಸೆಕೆಂಡ್ಸ್ ಗಾಡಿಗಳು, ಪ್ರತಿ ಡ್ಯಾಶ್‌ಬೋರ್ಡಿನ ಮೇಲೂ ಒಂದೇ ಥರದ ಗಣೇಶ. ಆತ ನಮ್ಮ ಕಾರನ್ನು ಸುತ್ತಲೂ ಇಲ್ಲ, ಕೂತಲ್ಲಿಂದಲೇ ನೋಡಿದರು. “ವೈಟ್ ಆಗಿದ್ರೆ ಇವತ್ತೇ ಹೋಗ್ತಿತ್ತು ಸಾರ್. ಇದು ರೆಡ್ಡು.” ಕಾರು ಹನ್ನೆರಡು ವರ್ಷದಿಂದ ಕೆಂಪಗೇ ಇತ್ತು. ಅದೊಂದು ಕಾಯಿಲೆ ಅಂತ ಅವತ್ತೇ ಗೊತ್ತಾದದ್ದು. ತಕ್ಷಣ ಬೇಕಾದರೆ 1,35,000, ಕಾಯುವುದಾದರೆ ಪಾರ್ಕ್ ಆ್ಯಂಡ್ ಸೇಲ್. ಅಂದರೆ ಗಾಡಿ ಅವರಲ್ಲಿ ನಿಲ್ಲಿಸುವುದು, ಪಾರ್ಟಿ ಸಿಕ್ಕರೆ ಕಮಿಷನ್ ಹಿಡಿದು ಉಳಿದದ್ದು ಕೊಡುತ್ತಾರೆ.

ಕೀಲಿ ಕೊಟ್ಟು ಬಂದೆ. ಒಂಬತ್ತು ದಿನ ಕಳೆದು ನೋಡಲು ಹೋದರೆ ಓಡೋಮೀಟರ್ 148 ಕಿಲೋಮೀಟರ್ ಮುಂದೆ ಹೋಗಿದೆ. ಸ್ಟೇರಿಂಗಿಗೆ ಕುಂಕುಮ. ಗ್ಲೌವ್ ಬಾಕ್ಸಿನಲ್ಲಿ ಘಾಟಿ ಸುಬ್ರಹ್ಮಣ್ಯದ ಪ್ರಸಾದದ ಪೊಟ್ಟಣ.

“ಇದೇನ್ರೀ?”

“ಟ್ರಯಲ್ ನೋಡಿದ್ರು ಸಾರ್ ಪಾರ್ಟಿ.”

“ಘಾಟಿ ತನಕ ಟ್ರಯಲ್ಲಾ?”

“ಪಿಕಪ್ ನೋಡ್ಬೇಕಲ್ಲಾ ಸಾರ್.”

ಹೆಂಡತಿಯನ್ನು ಘಾಟಿಗೆ ಕರ್ಕೊಂಡು ಹೋಗ್ತೀನಿ ಅಂತ ನಾನು ಹೇಳಲು ಶುರುಮಾಡಿ ಆರು ವರ್ಷವಾಗಿತ್ತು. ಕಾರು ನಮ್ಮನ್ನು ಬಿಟ್ಟು ಹೋಗಿ ಬಂದಿತ್ತು. ಪ್ರಸಾದ ಬಾಯಿಗೆ ಹಾಕಿಕೊಂಡು ಕಾರು ಮನೆಗೆ ತಂದೆ.

ಉಳಿದದ್ದು ನೇರವಾಗಿ ಮಾರುವುದು. ಭಾವ ಬೇಡವೇ ಬೇಡ ಅಂದರು. ಅವರು ಕೋರ್ಟಿನಲ್ಲಿ ಶಿರಸ್ತೇದಾರ್ ಆಗಿದ್ದವರು, ಹೆದರಿಸಲು ಅವರ ಬಳಿ ಸದಾ ಒಂದು ಕೇಸ್ ಇರುತ್ತೆ. “ನೋಡಯ್ಯ, ಒಬ್ಬ 2007ರಲ್ಲಿ ಕಾರು ಮಾರಿದ. ಅದು ಮೂರ್ನಾಲ್ಕು ಕೈ ದಾಟಿತು. 2009ರಲ್ಲಿ ಆಕ್ಸಿಡೆಂಟು. ಆರ್‌ಸಿಯಲ್ಲಿ ಇನ್ನೂ ಮೊದಲಿನವನದೇ ಹೆಸರು. 2018ರಲ್ಲಿ ಸುಪ್ರೀಂ ಕೋರ್ಟು ಏನಂತು ಗೊತ್ತಾ? ಹೆಸರು ಯಾರದೋ ಪರಿಹಾರವೂ ಅವನದೇ ಅಂತು. ಮಾರಿದ ಮೇಲೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಫಾರ್ಮ್ 29, ಫಾರ್ಮ್ 30.” ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೂ ಮಾರಿರಲೇ ಇಲ್ಲ, ಅದು ಬೇರೆ ಮಾತು.

ಆರ್‌ಸಿ ತೆಗೆದು ನೋಡಿದರೆ ಇನ್ನೊಂದು ಆನಂದ. ಸಾಲ ತೀರಿಸಿ ಏಳು ವರ್ಷವಾದರೂ ಬ್ಯಾಂಕಿನ ಹೆಸರು ಅದರಲ್ಲಿ ಹಾಗೇ ಕೂತಿದೆ. ತಪ್ಪು ನನ್ನದೇ, ತೆಗೆಸಿರಲಿಲ್ಲ. ಈಗ ಹೋಗೋಣ ಅಂದರೆ ಆ ಬ್ಯಾಂಕೇ ಇಲ್ಲ. 2017ರಿಂದ 2020ರ ಒಳಗೆ ಮೈಸೂರು ಬ್ಯಾಂಕ್, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಲ್ಲ ದೊಡ್ಡ ಬ್ಯಾಂಕುಗಳ ಹೊಟ್ಟೆ ಸೇರಿದವಲ್ಲ, ನಮ್ಮದೂ ಅದರಲ್ಲೊಂದು. ನನ್ನ ಕಾರಿನ ಆರ್‌ಸಿಯಲ್ಲಿ ಮಾತ್ರ ಅದು ಇನ್ನೂ ಬದುಕಿತ್ತು. ಹೊಸ ಬ್ಯಾಂಕಿನಿಂದ ಎನ್‌ಒಸಿ, ಫಾರ್ಮ್ 35 ಅಂತ ಮೂರು ವಾರ ಹೋಯಿತು.

ಜಾಹೀರಾತು ಹಾಕಿದ ದಿನವೇ ಎಪ್ಪತ್ತು ಮೆಸೇಜು. ಅರವತ್ತು ಜನ ‘ಲಾಸ್ಟ್ ಪ್ರೈಸ್?’ ಅಂತ ಕೇಳಿದ್ದರು. ಫಸ್ಟ್ ಪ್ರೈಸ್ ಓದಿದ ಲಕ್ಷಣ ಇರಲಿಲ್ಲ. ಒಬ್ಬ ತಾನು ಸೇನಾಧಿಕಾರಿ, ನೋಡುವುದೇ ಬೇಡ, ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ ಎಂದ. ಹಣ ಬರೋಕೆ ಪಿನ್ ಯಾಕಪ್ಪ ಅಂತ ಕೇಳಿದೆ. ಸೈನ್ಯ ಹಿಂದೆ ಸರಿಯಿತು. ಇನ್ನೊಬ್ಬರು ಟೆಸ್ಟ್ ಡ್ರೈವ್‌ಗೆ ಅಂತ ಹೆಂಡತಿ, ಇಬ್ಬರು ಮಕ್ಕಳು, ಅತ್ತೆಯನ್ನು ಹತ್ತಿಸಿಕೊಂಡರು. ನನ್ನನ್ನು ಕೂರಿಸಲು ಜಾಗ ಉಳಿಯಲಿಲ್ಲ. ಅವರ ಸ್ಕೂಟರಿನ ಕೀಲಿ ಇಸ್ಕೊಂಡು ಗೇಟಿನಲ್ಲಿ ಒಂದು ಗಂಟೆ ನಿಂತೆ. ವಾಪಸ್ ಬಂದಾಗ ಮಕ್ಕಳ ಕೈಯಲ್ಲಿ ಐಸ್‌ಕ್ರೀಮ್ ಇತ್ತು, ಸೀಟಿನ ಮೇಲೂ ಇತ್ತು.

ಕೊನೆಗೆ ಬಂದವರು ಸಕಲೇಶಪುರದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ರೈಟರ್. ನಾನೂ ಅಷ್ಟಿಷ್ಟು ಬರೆಯುವವನು. ಅವರು ಬರೆಯುವುದು ಆಳುಗಳ ಹಾಜರಿ, ಅದಕ್ಕೆ ಸಂಬಳ ಬರುತ್ತೆ. ಅವರು ಬಾನೆಟ್ ತೆಗೆಸಲಿಲ್ಲ, ಟೈರ್ ಒದೆಯಲಿಲ್ಲ. ಮೊದಲು ಡಿಕ್ಕಿ ತೆಗೆದರು. ಚೀಲ ಎಷ್ಟು ಹಿಡಿಯುತ್ತೆ ನೋಡಬೇಕಿತ್ತಂತೆ. ಬಗ್ಗಿದವರು ಹಾಗೇ ನಿಂತರು.

“ಅಪ್ಪೆಮಿಡಿ?”

“ಹೌದು.”

“ಜೀರಿಗೆ ವಾಸನೇದು. ಹೊಳೆ ದಂಡೆ ಮರದ್ದು ಇರ್ಬೇಕು.”

ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. ಮುಂದಿನ ಇಪ್ಪತ್ತು ನಿಮಿಷ ಕಾರಿನ ಮಾತೇ ಇಲ್ಲ. ಮಿಡಿಯ ರೇಟು, ಹೂ ಬಿಡುವ ಹೊತ್ತಿಗೆ ಕೈಕೊಟ್ಟ ಮಳೆ, ಸೊನೆ ಸಮೇತ ಉಪ್ಪಿಗೆ ಹಾಕಬೇಕಾ ಒರೆಸಿ ಹಾಕಬೇಕಾ. ನಾನು ಒಳಗೊಳಗೇ ಖುಷಿಯಾದೆ. ಈ ಮನುಷ್ಯ ನಮ್ಮವನೇ, ಕೇಳಿದಷ್ಟು ಕೊಟ್ಟೇ ಕೊಡ್ತಾನೆ ಅಂದುಕೊಂಡೆ. ಮಾತು ಮುಗಿಸಿ ಅವರು ಮ್ಯಾಟ್ ಎತ್ತಿದರು, ಬೆರಳಿನಿಂದ ತಳ ಕೆರೆದರು.

“ಉಪ್ಪು ತಿಂದಿದೆ ಸಾರ್. ತಗಡು ಹಾಕಿಸ್ಬೇಕು. ಹತ್ತು ಸಾವಿರ ಕಮ್ಮಿ ಮಾಡ್ಕೊಳ್ಳಿ.”

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ ಗಾದೆ. ನಮ್ಮಲ್ಲಿ ತಿಂದದ್ದು ಕಾರು, ನೀರು ಕುಡಿದವನು ನಾನು. ಎರಡು ಲಕ್ಷ ಅಂತ ಶುರುವಾದದ್ದು 1,88,000ಕ್ಕೆ ನಿಂತಿತು. ಜ್ಯಾಕ್, ಸ್ಪ್ಯಾನರ್ ಅವರಿಗೆ. ಸ್ಟೀರಿಯೋಗೆ ಚುಚ್ಚಿದ್ದ ಪೆನ್‌ಡ್ರೈವ್ ಕೂಡ ಇರಲಿ ಅಂದರು. ಅದರಲ್ಲಿ ವಿಷ್ಣು ಸಹಸ್ರನಾಮ ಇದೆ ಅಂತ ಹೆಂಡತಿ ಸಂತೋಷವಾಗಿ ಕೊಟ್ಟಳು. ಇನ್ನು ಏನೇನಿದೆ ಅಂತ ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಇನ್ಷೂರೆನ್ಸಿನ ನೋ ಕ್ಲೈಮ್ ಬೋನಸ್ ಒಂದನ್ನು ಮಾತ್ರ ಅವರು ಕೇಳಿದರೂ ಕೊಡಲಾಗಲಿಲ್ಲ, ಅದು ಗಾಡಿಯದಲ್ಲ, ಮಾಲೀಕನದು. ಭಾವ ಡೆಲಿವರಿ ನೋಟ್ ಬರೆಸಿದರು: ತಾರೀಕು, ಸಂಜೆ 4 ಗಂಟೆ 40 ನಿಮಿಷ, ಇಬ್ಬರು ಸಾಕ್ಷಿ. 41ನೇ ನಿಮಿಷಕ್ಕೆ ಕಾರು ಹೊರಟಿತು.

ಎಲ್ಲ ನೆನಪಿಟ್ಟವನು ಫಾಸ್ಟ್ಯಾಗ್ ಮರೆತೆ.

ಏಳು ಗಂಟೆಗೆ ಮೆಸೇಜು: ನೆಲಮಂಗಲ ಕಡೆ ಟೋಲ್ ಕಟ್ಟಾಗಿದೆ. ಆಮೇಲೆ ಬೆಳ್ಳೂರು ಕಡೆಯದು. ಆಮೇಲೆ ಶಾಂತಿಗ್ರಾಮ. “ಹಾಸನ ಮುಟ್ಟಿತು ನೋಡಿ” ಅಂದಳು ಹೆಂಡತಿ. ಮರುದಿನವೇ ಕ್ಲೋಸ್ ಮಾಡಬೇಕಿತ್ತು. ಮಾಡಲಿಲ್ಲ. ವಾರದಲ್ಲಿ ಒಂದೆರಡು ಸಲ ಮೆಸೇಜ್ ಬರುವುದು, ಊಟದ ಹೊತ್ತಿಗೆ ಅವಳು “ಇವತ್ತು ಎಲ್ಲಿಗೆ ಹೋಗಿತ್ತಂತೆ?” ಅಂತ ಕೇಳುವುದು ಅಭ್ಯಾಸವಾಯಿತು. ಹಾಸ್ಟೆಲಿಗೆ ಕಳಿಸಿದ ಮಗಳ ಸುದ್ದಿಯನ್ನೂ ನಾವು ಇಷ್ಟು ಕಾಳಜಿಯಿಂದ ಕೇಳಿರಲಿಲ್ಲ.

ಮೂರನೇ ವಾರ ಬಿಎಂಟಿಸಿ ಬಸ್ಸಿನಲ್ಲಿ ನೇತಾಡುತ್ತಿದ್ದಾಗ ಫೋನು. ಹಿಂದೆ ಹತ್ತಾರು ಹಾರ್ನು.

“ಸಾರ್, ಶಾಂತಿಗ್ರಾಮ ಟೋಲಲ್ಲಿ ನಿಂತಿದೀನಿ. ನಿಮ್ಮ ಟ್ಯಾಗಲ್ಲಿ ಬ್ಯಾಲೆನ್ಸ್ ಇಲ್ವಂತೆ. ಕ್ಯಾಶಾದ್ರೆ ಡಬಲ್ ಅಂತಾರೆ.”

“ಹೊಸದು ತಗೊಳ್ಳಿಲ್ವಾ ನೀವು?”

“ನೀವು ಕ್ಲೋಸ್ ಮಾಡದೆ ನನಗೆ ಕೊಡಲ್ವಂತೆ ಸಾರ್, ಒಂದು ಗಾಡಿಗೆ ಒಂದೇ ಅಂತೆ. ಈಗ ಒಂದು ಇನ್ನೂರು ಹಾಕಿ, ಇವನು ಗೇಟ್ ಎತ್ತುತಾ ಇಲ್ಲ. ನಾನು ನಿಮಗೆ ಕಳಿಸ್ತೀನಿ.”

ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೂರು ಹಾಕಿದೆ. ಹಾರ್ನಿನ ಗದ್ದಲ ನಿಧಾನಕ್ಕೆ ಹಿಂದೆ ಸರಿಯಿತು. ಎರಡನೇ ಗೇರಿಗೆ ಬೀಳುವಾಗ ನಮ್ಮ ಕಾರು ಕೆಮ್ಮುವ ಸದ್ದು ಫೋನಿನಲ್ಲೇ ಕೇಳಿಸಿತು.

“ಬಂತು ಸಾರ್, ಥ್ಯಾಂಕ್ಸ್. ಮೇಡಂಗೆ ಹೇಳಿ, ತಗಡು ಹಾಕಿಸಿದೆ. ವಾಸನೆ ಮಾತ್ರ ಹೋಗಿಲ್ಲ.”