ಮೊದಲು ಶವಪೆಟ್ಟಿಗೆ, ಆಮೇಲೆ ಸೆಂಟು

ಹೆಣಕ್ಕೆ ಮೊದಲು ಸಿಂಗಾರ, ಆಮೇಲೆ ಪೆಟ್ಟಿಗೆ. ಲೋಕದ ಈ ಪದ್ಧತಿಯನ್ನೂ ಅಮೆರಿಕದ ರಾಕ್ ತಂಡ ಕಿಸ್ ತಿರುವುಮುರುವು ಮಾಡಿತು. 2001ರಲ್ಲಿ ತನ್ನ ಹೆಸರಿನ ಶವಪೆಟ್ಟಿಗೆ ಮಾರಿತು. ಸಾಯುವ ತನಕ ಐಸ್ ತುಂಬಿ ಬಿಯರ್ ತಣ್ಣಗಿಡಲೂ ಬರುತ್ತದೆ ಎಂಬ ಸಮಜಾಯಿಷಿ ಬೇರೆ. ಸೆಂಟು ಬಂದದ್ದು 2006ರಲ್ಲಿ, ಗಂಡಸರಿಗೊಂದು, ಹೆಂಗಸರಿಗೊಂದು. 1973ರಿಂದ ಮುಖಕ್ಕೆ ಬಣ್ಣ ಬಳಿದು, ಚರ್ಮದ ದಿರಿಸು ತೊಟ್ಟು ಕುಣಿದವರಿಗೆ ಮೂವತ್ತು ವರ್ಷದ ಬೆವರಾದ ಮೇಲೆ ಅದು ಬೇಕೆನಿಸಿದ್ದರೆ ತಪ್ಪೇನಿಲ್ಲ ಬಿಡಿ.

ಇಂಥ ವ್ಯವಹಾರದಲ್ಲಿ ತಂಡದ ಪಾಲಿನ ಕೆಲಸ ಸಹಿ ಹಾಕುವುದು. ಹೆಸರು, ಲೋಗೋಗೆ ಲೈಸೆನ್ಸ್ ಕೊಟ್ಟು ರಾಯಲ್ಟಿ ಎಣಿಸಿದರಾಯಿತು. ಪರಿಮಳ ಕೂಡಿಸುವವರು ಬೇರೆ, ಬಾಟಲಿ ತುಂಬುವವರು ಬೇರೆ. ‘ನಮ್ಮ ವೇದಿಕೆಯ ವಾಸನೆಯೇ ಬೇಕು’ ಎಂದು ಯಾವುದಾದರೂ ತಂಡ ಹಟ ಹಿಡಿದರೆ ಸೆಂಟು ಬೆರೆಸುವ ಪರ್ಫ್ಯೂಮರ್ ಅದನ್ನೂ ಕೊಟ್ಟಾನು. ಚರ್ಮದ ಜಾಕೆಟ್ಟಿನ ವಾಸನೆಗೆ ಐಸೊಬ್ಯುಟೈಲ್ ಕ್ವಿನೊಲೀನ್ ಎಂಬ ರಾಸಾಯನಿಕ, ಹೊಗೆಗೆ ಬರ್ಚ್ ಮರದಿಂದ ಇಳಿಸಿ ಶುದ್ಧೀಕರಿಸಿದ ಟಾರು, ಬೆವರಿಗೆ ಒಂದೆರಡು ಹನಿ ಜೀರಿಗೆ ಎಣ್ಣೆ. ನಮ್ಮ ಮೂಗಿಗೆ ಅದು ಸಾರಿನ ಒಗ್ಗರಣೆ, ಪ್ಯಾರಿಸ್ಸಿನ ಮೂಗಿಗೆ ಕಂಕುಳು. ಆದರೆ ಅಂಗಡಿಯಲ್ಲಿ ಆ ಸೆಂಟು ಹಚ್ಚಿದ ಕಾಗದದ ಪಟ್ಟಿ ಮೂಸಿದ ಗಿರಾಕಿ ಮಾರು ದೂರ ಹಾರುತ್ತಾನೆ. ಹಾಗಾಗಿ ಕೊನೆಗೆ ಗೆಲ್ಲುವುದು ಡೈಹೈಡ್ರೋಮರ್ಸೆನಾಲ್ ಎಂಬ ರಾಸಾಯನಿಕ, ಅಂದರೆ ಸೋಪಿನ ಪುಡಿಯಲ್ಲಿ ಒಗೆದು ಹಿಂಡಿದ ಬಟ್ಟೆಯ ತಾಜಾತನ. ಬಂಡಾಯಗಾರ ಮಡಿಯುಟ್ಟು ಬರುತ್ತಾನೆ. ಕೊನೆಯವರೆಗೂ ಉಳಿಯುವ ತಳದ ಪರಿಮಳದಲ್ಲಿ ‘ಮೈಸೂರು ಗಂಧ’ ಇದೆಯೆಂದು ಯಾರಾದರೂ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಬೆಲೆ ನೋಡಿ. ಅಗ್ಗವಿದ್ದರೆ ಆ ಗಂಧ ಕಾಡು ಕಂಡಿಲ್ಲ, ಲ್ಯಾಬಿನಲ್ಲೇ ಹುಟ್ಟಿದೆ.

ಬೆರಕೆಗೆ ಗಿಟಾರಿನಷ್ಟು ಅಭ್ಯಾಸ ಬೇಡ. ನೂರು ಗ್ರಾಂ ಓ ದ ಟಾಯ್ಲೆಟ್ಟಿಗೆ, ಅಂದರೆ ತೆಳು ಸೆಂಟಿಗೆ, ಹತ್ತು ಗ್ರಾಂ ಸುಗಂಧದ ಎಣ್ಣೆ, ಎಂಬತ್ತು ಗ್ರಾಂ ಆಲ್ಕೋಹಾಲ್, ಮಿಕ್ಕ ಹತ್ತು ಗ್ರಾಂ ಶುದ್ಧ ನೀರು. ಎಣ್ಣೆ ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿದ ಮೇಲಷ್ಟೇ ನೀರು, ಅದೂ ನಿಧಾನವಾಗಿ. ನೀರು ಹೆಚ್ಚಾದರೆ ಎಣ್ಣೆ ಹನಿಹನಿಯಾಗಿ ಬೇರ್ಪಟ್ಟು ಇಡೀ ಪಾತ್ರೆ ಅಕ್ಕಿ ತೊಳೆದ ನೀರಾಗುತ್ತದೆ. ಆಮೇಲೆ ಕತ್ತಲಲ್ಲಿ ಎರಡರಿಂದ ನಾಲ್ಕು ವಾರ ಇಟ್ಟು, ಸೊನ್ನೆ ಡಿಗ್ರಿಯ ಆಸುಪಾಸಿಗೆ ತಣಿಸಿ ಸೋಸಬೇಕು. ಟೂರಿನ ತಾರೀಕು ಬಂತೆಂದು ಈ ಹಂತ ಹಾರಿಸಿದರೆ ಚಳಿಗಾಲದ ಗೋದಾಮಿನಲ್ಲಿ ಮೇಣದ ಅಂಶ ಹೆಪ್ಪುಗಟ್ಟಿ ತಳದಲ್ಲಿ ಕಸ ಕೂರುತ್ತದೆ. ವೆನಿಲ್ಲಾ ಪರಿಮಳದ ವೆನಿಲಿನ್ ಹಾಕಿದ್ದರಂತೂ ಬಣ್ಣ ತಿಂಗಳೊಪ್ಪತ್ತಿನಲ್ಲಿ ಚಹಾದ ಕಡೆಗೆ ವಾಲುತ್ತದೆ. ರಾಕ್ ಸೆಂಟಿಗೆ ಕಪ್ಪು ಬಾಟಲಿ ಒಪ್ಪುವುದಕ್ಕೆ ಬರೀ ಬಂಡಾಯ ಕಾರಣವಲ್ಲ.

ಬಾಟಲಿಯದ್ದು ಇನ್ನೊಂದು ಗೋಳು. ಹೊಸ ಅಚ್ಚಿಗೆ ದುಡ್ಡು ಸುರಿಯುವ ಬದಲು ಸಿದ್ಧ ಗಾಜು ತಂದು ಮುಚ್ಚಳ ಮಾತ್ರ ಬೇರೆ ಮಾಡಿಸುವುದು ಅಗ್ಗದ ದಾರಿ. ಮುಚ್ಚಳ ಗಿಟಾರಿನ ತಲೆಯಾದರೆ ತಲೆಭಾರಕ್ಕೆ ಬಾಟಲಿಯೇ ಮುಗ್ಗರಿಸುತ್ತದೆ. ಇಲ್ಲ, ತಲೆಬುರುಡೆಯ ಆಕಾರವೇ ಬೇಕೆಂದರೆ ಒಳಗಿನ ಕೊಳವೆ ದವಡೆಯ ಮೂಲೆ ಮುಟ್ಟುವುದಿಲ್ಲ, ಕೊನೆಯ ಕೆಲವು ಎಂ.ಎಲ್. ಬುರುಡೆಯ ಪಾಲು. ಪಂಪಿನ ಲೋಹದ ಕತ್ತುಪಟ್ಟಿಯನ್ನು ಮೆಷಿನ್ ಸಡಿಲವಾಗಿ ಒತ್ತಿದರೆ ಸೀಲು ಒಡೆಯುವ ಮುನ್ನವೇ ಆಲ್ಕೋಹಾಲ್ ಹಾರಿ ಹೋಗಿರುತ್ತದೆ.

ಬೆಂಕಿಯ ಮಾತು ಮರೆಯಬಾರದು. ಎಂಬತ್ತು ಪಾಲು ಆಲ್ಕೋಹಾಲಿನ ಆವಿಗೆ ಕೋಣೆಯ ಬಿಸಿಯಲ್ಲೂ ಒಂದು ಕಿಡಿ ಸಾಕು. ವೇದಿಕೆಯಲ್ಲಿ ಬಾಯಿಂದ ಬೆಂಕಿ ಉಗುಳುತ್ತಿದ್ದ ಕಿಸ್ ತಂಡದ ಜೀನ್ ಸಿಮನ್ಸ್ ಅವರ ಕೂದಲು 1973ರ ಡಿಸೆಂಬರ್ 31ರಂದೇ ಹೊತ್ತಿಕೊಂಡಿತ್ತು, ಆಗಿನ್ನೂ ಸೆಂಟಿನ ಬಾಟಲಿ ಇರಲಿಲ್ಲ. 2023ರ ಡಿಸೆಂಬರ್ 2ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದಾಯ ಪ್ರವಾಸದ ಕೊನೆಯ ಕಛೇರಿ ಮುಗಿಸಿ, ತಮ್ಮ ಜಾಗದಲ್ಲಿ ಡಿಜಿಟಲ್ ಅವತಾರಗಳನ್ನು ನಿಲ್ಲಿಸಿ ತಂಡದವರು ವೇದಿಕೆ ಇಳಿದರು. ಅವತಾರಗಳಿಗೆ ಕೂದಲು ಹೊತ್ತಿಕೊಳ್ಳುವುದಿಲ್ಲ, ಕಂಕುಳೂ ಬೆವರುವುದಿಲ್ಲ. ಸೆಂಟು ಮಾತ್ರ ಅವುಗಳ ಹೆಸರಲ್ಲೂ ಬರಬಹುದು, ಲೈಸೆನ್ಸಿಗೆ ಮೈ ಬೇಕೆಂಬ ನಿಯಮವೇನಿಲ್ಲವಲ್ಲ.